ಗೋಡೆಗೆ ಪೆಟ್ರಿಯಾ: ಕತ್ತರಿ ಹಾಕಿಯೇ ಹೂ ತೆಗೆದ ನನ್ನ ಅನುಭವ

ಪೆಟ್ರಿಯಾ ಅಂದರೆ ನೇರಳೆ ಹೂವಿನ ಗೊಂಚಲು ಬಿಡುವ ಬಳ್ಳಿ. ಅದನ್ನು ಗೋಡೆಗೆ ಒತ್ತಿಸಿ ಬೆಳೆಸಿದರೆ ಹೂ ಬಿಡಲ್ಲ ಎಂದು ನನಗೆ ಹೇಳದವರೇ ಇಲ್ಲ. ಚಪ್ಪರಕ್ಕೆ ಬಿಡಿ, ಮರಕ್ಕೆ ಹತ್ತಿಸಿ, ಗೇಟಿನ ಮೇಲೆ ಆರ್ಚ್ ಮಾಡಿಸಿ, ಆದರೆ ಕತ್ತರಿ ಮಾತ್ರ ಹಾಕಬೇಡಿ ಎಂದರು. ಕತ್ತರಿಸಿದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ ಅನ್ನುವುದು ನರ್ಸರಿಯವರ ಮಾತು. ಗಿಡ ಬೆಳೆಸುವ ಗೆಳೆಯರ ಮಾತೂ ಅದೇ. ಈಗ ಚಿಕ್ಕಬಳ್ಳಾಪುರದ ನಮ್ಮ ಮನೆ ಕಾಂಪೌಂಡಿನಲ್ಲಿ ಸುಮಾರು 40 ಅಡಿ ಉದ್ದ, 7 ಅಡಿ ಎತ್ತರದ ಗೋಡೆ ಫೆಬ್ರವರಿ ಬಂತೆಂದರೆ ಪೂರ್ತಿ ನೇರಳೆ. 2024ರಲ್ಲಿ ಹಾಗಾಯಿತು. 2025ರಲ್ಲೂ ಹಾಗೇ ಆಯಿತು. ಅದು ವರ್ಷಾ ವರ್ಷ ಕತ್ತರಿ ಬೀಳುವ ಬಳ್ಳಿ. ಎರಡನೇ ವರ್ಷವೂ ಹೂ ಬಂದ ಮೇಲೆ ಇದನ್ನು ಬರೆಯಲು ಧೈರ್ಯ ಬಂತು.

ಗುಂಡಿ ತೆಗೆಯುವುದು, ಮಣ್ಣು ಹದ ಮಾಡುವುದು, ಗೂಟಿ ಕಟ್ಟುವುದು (ಕೊಂಬೆಗೆ ಮಣ್ಣು ಕಟ್ಟಿ ಬೇರು ಬರಿಸಿ ಸಸಿ ಮಾಡುವುದು) ನಿಮಗೆಲ್ಲ ಗೊತ್ತಿರುವ ವಿಷಯ. ಅದನ್ನು ಬಿಟ್ಟು ಗೋಡೆ, ತಂತಿ, ಕತ್ತರಿ, ನೀರು ಇಷ್ಟರ ಬಗ್ಗೆ ಮಾತ್ರ ಹೇಳುತ್ತೇನೆ.

ಆ ಗೋಡೆ ಮೊದಲು ಪೆಟ್ರಿಯಾಗೆ ಅಂತ ಇಟ್ಟಿದ್ದಲ್ಲ, ವಿಸ್ಟೀರಿಯಾ ಅನ್ನುವ ಚಳಿ ಸೀಮೆಯ ಇನ್ನೊಂದು ಹೂಬಳ್ಳಿಗೆ. ದೂರದ ಒಂದು ನರ್ಸರಿಯಿಂದ ಕೊರಿಯರ್‌ನಲ್ಲಿ ಎರಡು ಸಸಿ ತರಿಸಿದ್ದೆ. ಒಂದೊಂದಕ್ಕೆ ಹೆಚ್ಚುಕಡಿಮೆ 1,800 ರೂಪಾಯಿ. ಒಂದು ದಾರಿಯಲ್ಲೇ ಒಣಗಿ ಬಂತು, ದುಡ್ಡು ವಾಪಸ್ ಬರಲಿಲ್ಲ. ಇನ್ನೊಂದು ಬದುಕಿತು. ಮೂರು ವರ್ಷ ಎಲೆ ತೋರಿಸಿತು, ಒಂದು ಗೊಂಚಲೂ ಬಿಡಲಿಲ್ಲ. ನಂದಿ ಬೆಟ್ಟದ ಬುಡದಲ್ಲಿದ್ದೇವೆ, 1,478 ಮೀಟರ್ ಎತ್ತರದ ಬೆಟ್ಟದ ಗಾಳಿ ಬೀಸುತ್ತದೆ, ಡಿಸೆಂಬರ್ ಬೆಳಗ್ಗೆ ಸ್ವೆಟರ್ ಇಲ್ಲದೆ ಆಚೆ ಬರಕ್ಕಾಗಲ್ಲ. ಆದರೆ ನಮಗೆ ಚಳಿ ಅನಿಸುವುದು ವಿಸ್ಟೀರಿಯಾಗೆ ಚಳಿಯೇ ಅಲ್ಲ. ಅದು ಎಲೆ ಪೂರ್ತಿ ಉದುರಿಸಿ ನಿದ್ದೆ ಮಾಡಬೇಕು. ನಮ್ಮಲ್ಲಿ ಅರ್ಧ ಎಲೆ ಉದುರಿಸಿ, ಅರ್ಧ ಇಟ್ಟುಕೊಂಡು, ಸಂಕ್ರಾಂತಿಗೆ ಮತ್ತೆ ಚಿಗುರುತ್ತಿತ್ತು. ಕೊನೆಗೆ ಬೇರು ಸಮೇತ ತೆಗೆದು ಕೂನೂರಿನಲ್ಲಿರುವ ನೆಂಟರಿಗೆ ಕಳಿಸಿದೆ. ಅಲ್ಲಿ ಅದು ಸುಖವಾಗಿದೆ.

ಗಿಡ ಹೋದರೂ ವಿಸ್ಟೀರಿಯಾಗೆ ಕತ್ತರಿ ಹಾಕುವ ಕ್ರಮ ನನ್ನ ಹತ್ತಿರ ಉಳಿಯಿತು. ಚೀನಾದ ವಿಸ್ಟೀರಿಯಾ ಇಂಗ್ಲೆಂಡಿಗೆ ಹೋಗಿದ್ದು 1816ರಲ್ಲಿ. ಅಲ್ಲಿಯವರು ಅದನ್ನು ಮನೆ ಗೋಡೆಗೆ ಒತ್ತಿಸಿಯೇ ಬೆಳೆಸುತ್ತಾರೆ. ಬೇಸಿಗೆಯಲ್ಲಿ ಉದ್ದ ಚಿಗುರನ್ನು ಐದಾರು ಎಲೆಗೆ ಕತ್ತರಿಸುತ್ತಾರೆ. ಚಳಿಗಾಲದ ಕೊನೆಗೆ ಅದನ್ನೇ ಎರಡು ಮೂರು ಕಣ್ಣಿಗೆ (ಚಿಗುರು ಒಡೆಯುವ ಮೊಗ್ಗಿಗೆ) ಇಳಿಸುತ್ತಾರೆ. ಹೀಗೆ ಮೋಟು ಮಾಡುತ್ತಾ ಹೋದರೆ ಆ ಮೋಟಿನಲ್ಲೇ ಹೂವಿನ ಮೊಗ್ಗು ಕೂಡುತ್ತದೆ. ಪೆಟ್ರಿಯಾ ಬೇರೆ ಜಾತಿ, ಬೇರೆ ದೇಶದ್ದು, ವರ್ಷವಿಡೀ ಹಸಿರು. ಆದರೂ ಮೋಟು ಮಾಡುವ ಕ್ರಮ ಇದಕ್ಕೂ ಒಗ್ಗಬೇಕು ಅಂತ ನನಗೆ ಬಲವಾಗಿ ಅನಿಸಿತು. ಅದಕ್ಕೆ ಕಾರಣ ನಮ್ಮೂರ ದ್ರಾಕ್ಷಿ.

ಈ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುವವರು ಎಷ್ಟು ಜನ ಇದ್ದಾರೆ ಅಂತ ನಿಮಗೆ ಗೊತ್ತೇ ಇದೆ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯೂ (ಈ ಪ್ರದೇಶದ್ದೇ ಬೆಳೆ ಅನ್ನುವ ಅಧಿಕೃತ ಗುರುತು) ಸಿಕ್ಕಿತು. ದ್ರಾಕ್ಷಿ ತೋಟದಲ್ಲಿ ಕತ್ತರಿ ಹಾಕದೆ ಬಿಟ್ಟರೆ ಏನಾಗುತ್ತದೆ ಹೇಳಿ? ಚಪ್ಪರ ತುಂಬಾ ಎಲೆ, ಗೊಂಚಲು ಮಾತ್ರ ಇಲ್ಲ. ಕಣ್ಣು ಎಣಿಸಿ ಕತ್ತರಿಸಿದವನಿಗೇ ಫಸಲು. ನಮ್ಮ ಪಕ್ಕದ ಬೀದಿಯಲ್ಲಿ ಪ್ರೂನಿಂಗ್ ಕೆಲಸ ಮಾಡುವ ಮೇಸ್ತ್ರಿ ಒಬ್ಬರಿದ್ದಾರೆ. ನಂದಿ, ದೇವನಹಳ್ಳಿ ಕಡೆ ತೋಟಗಳಲ್ಲಿ ಇಪ್ಪತ್ತು ವರ್ಷದ ಮೇಲೆ ಕತ್ತರಿ ಹಿಡಿದವರು. ಅವರು ಪೆಟ್ರಿಯಾ ನೆಟ್ಟವರಲ್ಲ. ಆದರೆ ಬಳ್ಳಿ ಯಾವುದೇ ಇರಲಿ, ಕಡ್ಡಿ ಬಲಿಯದೆ ಹೂ ಕೂಡಲ್ಲ, ನೀರು ಕೊಡುತ್ತಲೇ ಇದ್ದರೆ ಕಡ್ಡಿ ಬಲಿಯಲ್ಲ ಎಂದರು. ನರ್ಸರಿಯವರ ಹತ್ತು ಮಾತಿಗಿಂತ ನನಗೆ ಈ ಒಂದು ಮಾತು ಉಪಯೋಗಕ್ಕೆ ಬಂತು.

ಮೊದಲ ಪೆಟ್ರಿಯಾವನ್ನು ಬಿದಿರಿನ ತಟ್ಟಿಗೆ ಹತ್ತಿಸಿದ್ದೆ. ತಟ್ಟಿಗೆ 3,000 ರೂಪಾಯಿ ಹತ್ತಿರ ಆಯಿತು. ನಮ್ಮ ಕೆಂಪು ಮಣ್ಣಿನಲ್ಲಿ ಗೆದ್ದಲಿಗೆ ಬರ ಇಲ್ಲ. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಬಿದಿರು ಒಳಗೆ ಪೊಳ್ಳಾಗಿ, ಬಳ್ಳಿ ಸಮೇತ ಮಕಾಡೆ ಬಿತ್ತು. ಬುಡದ ಹತ್ತಿರ ಕಾಂಡ ಸೀಳಿ ಗಿಡವೂ ಹೋಯಿತು. ಆಮೇಲೆ ಕಬ್ಬಿಣದ ಗ್ರಿಲ್ ಮಾಡಿಸೋಣ ಎಂದು ವೆಲ್ಡಿಂಗ್ ಅಂಗಡಿಯಲ್ಲಿ ಕೇಳಿದೆ. ಬಣ್ಣ ಸೇರಿ 28,000 ಅಂದರು. ಒಂದು ಹೂಬಳ್ಳಿಗೆ ಅಷ್ಟು ದುಡ್ಡು ಸುರಿಯಲು ಮನೆಯಲ್ಲಿ ಯಾರೂ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ.

ಆಗ ಕಣ್ಣಿಗೆ ಬಿದ್ದಿದ್ದು ದ್ರಾಕ್ಷಿ ಚಪ್ಪರದ ಕಲ್ಲು ಕಂಬ. ಬೋರ್‌ವೆಲ್ ಬತ್ತಿ ತೋಟ ತೆಗೆಯುವವರು ಕಂಬ, ತಂತಿ ಎಲ್ಲ ಮಾರುತ್ತಾರೆ. ಕಂಬಕ್ಕೆ 300 ರೂಪಾಯಿಯಂತೆ ಐದು ಕಂಬ ತಂದೆ. ಸಾಗಿಸಿದ ಆಟೋ, ಇಬ್ಬರ ಕೂಲಿ ಎಲ್ಲ ಸೇರಿ ಇನ್ನೊಂದು 2,500 ಆಗಿರಬೇಕು. ಗೋಡೆಯಿಂದ ಒಂದು ಗೇಣು ಬಿಟ್ಟು, ಹತ್ತಡಿಗೆ ಒಂದರಂತೆ ನಿಲ್ಲಿಸಿದೆ. ಗೋಡೆಗೆ ಒಂದೂ ತೂತು ಕೊರೆದಿಲ್ಲ. ಸಿಮೆಂಟ್ ಬ್ಲಾಕ್ ಗೋಡೆಗೆ ಬೋಲ್ಟ್ ಹಾಕಿದರೆ ಬಳ್ಳಿಯ ಭಾರಕ್ಕೆ ಐದಾರು ವರ್ಷದಲ್ಲಿ ಸಡಿಲ ಆಗುತ್ತದೆ, ಅದನ್ನು ಬೇರೆಯವರ ಮನೆಯಲ್ಲಿ ನೋಡಿದ್ದೇನೆ. ಇನ್ನೊಂದು ಲಾಭ, ಗೋಡೆಗೂ ಬಳ್ಳಿಗೂ ನಡುವೆ ಗಾಳಿ ಆಡುತ್ತದೆ. ಇದು ಮಧ್ಯಾಹ್ನದ ಬಿಸಿಲು ಹೊಡೆಯುವ ಗೋಡೆ. ಏಪ್ರಿಲ್‌ನಲ್ಲಿ ಕೈ ಇಡಕ್ಕಾಗಲ್ಲ. ಬಳ್ಳಿ ಸುಟ್ಟು ಹೋಗುತ್ತೆ ಅಂತ ಹೆದರಿಸಿದವರಿದ್ದರು. ಆ ಗೇಣು ಜಾಗದಿಂದಾಗಿ ಒಂದು ಎಲೆಯೂ ಸುಟ್ಟಿಲ್ಲ.

ತಂತಿ 12 ಗೇಜಿನ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಒಂದೂವರೆ, ಮೂರು, ನಾಲ್ಕೂವರೆ, ಆರು ಅಡಿ ಎತ್ತರದಲ್ಲಿ ನಾಲ್ಕು ಸಾಲು. ಎರಡೂವರೆ ಕೆಜಿ ಸಾಕಾಯಿತು, 250 ರೂಪಾಯಿ ಚಿಲ್ಲರೆ. ಬಿಗಿ ಮಾಡಲು ಪ್ರತಿ ಸಾಲಿಗೆ ಒಂದು ಟರ್ನ್‌ಬಕಲ್ (ತಿರುಗಿಸಿದರೆ ತಂತಿ ಬಿಗಿಯಾಗುವ ತಿರುಪು ಕೊಂಡಿ). ಇಷ್ಟೇ. ಇದಕ್ಕಿಂತ ತೆಳುವಾದ ಹದಿನಾಲ್ಕು ಗೇಜ್ ಸಾಕು ಅಂತ ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಪೆಟ್ರಿಯಾ ಕಾಂಡ ವಯಸ್ಸಾದಂತೆ ಮರವೇ ಆಗುತ್ತದೆ, ಮಳೆಯಲ್ಲಿ ನೆಂದಾಗ ಅದರ ಭಾರ ಕಮ್ಮಿ ಅಲ್ಲ.

ಈಗ ಈ ತಂತಿಯ ಮೇಲಿರುವ ಎರಡು ಗಿಡ ನೆಟ್ಟಿದ್ದು 2019ರ ಮುಂಗಾರಿಗೆ. ಗೂಟಿ ಕಟ್ಟಿದ ಸಸಿ, ಮೂರಡಿ ಎತ್ತರ, 350 ರೂಪಾಯಿಗೆ ಒಂದು. ಎರಡರ ನಡುವೆ 20 ಅಡಿ. ಪ್ರತಿ ಗಿಡಕ್ಕೂ ಎಡಕ್ಕೆ 10 ಅಡಿ, ಬಲಕ್ಕೆ 10 ಅಡಿ ಜಾಗ. ಗೋಡೆ ಬುಡದಿಂದ ಎರಡಡಿ ಆಚೆ ನೆಟ್ಟು ಓರೆಯಾಗಿ ತಂತಿಯ ಕಡೆಗೆ ತಂದೆ. ಗೋಡೆ ಬುಡದಲ್ಲೇ ನೆಟ್ಟರೆ ಪಾಯದ ಸಿಮೆಂಟು, ಸುಣ್ಣ ಎಲ್ಲ ಬೇರಿಗೆ ಸಿಗುತ್ತದೆ. ಅಷ್ಟು ದೂರ ನೆಟ್ಟರೂ ಮೊದಲ ಬೇಸಿಗೆಯಲ್ಲಿ ಹೊಸ ಎಲೆ ಹಳದಿಯಾಯಿತು, ನರ ಮಾತ್ರ ಹಸಿರು. ನಮ್ಮ ಬೋರ್ ನೀರಿನ ಗಡಸುತನ ಅದಕ್ಕೆ ಕಾರಣ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ (ಕಬ್ಬಿಣದ ಅಂಶ ಕೊಡುವ ಲವಣ), ಅದಕ್ಕೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ. ಹದಿನೈದು ದಿನಕ್ಕೊಮ್ಮೆ, ಎರಡು ಮೂರು ಸಲ. ಬಣ್ಣ ವಾಪಸ್ ಬಂತು. ಈಗ ಮಳೆನೀರು ಹಿಡಿದ ಡ್ರಮ್ಮಿನಿಂದಲೇ ಕೊಡುತ್ತೇನೆ.

ಈಗ ಕಟ್ಟುವ ವಿಷಯ. ಪೆಟ್ರಿಯಾಗೆ ಎಲೆ ಜೋಡಿ ಜೋಡಿಯಾಗಿ ಬರುತ್ತದೆ ಅಲ್ವಾ. ಒಂದು ಗೆಣ್ಣಿನ ಜೋಡಿ ಎಡಬಲಕ್ಕೆ ಇದ್ದರೆ, ಮುಂದಿನ ಗೆಣ್ಣಿನ ಜೋಡಿ ಹಿಂದುಮುಂದಕ್ಕೆ ಇರುತ್ತದೆ. ಇದು ಗೋಡೆಗೆ ಬೆಳೆಸುವವರಿಗೆ ದೊಡ್ಡ ವರ. ಕಾಂಡ ಮೊದಲ ತಂತಿ ದಾಟಿ ಒಂದಡಿ ಮೇಲೆ ಹೋಗಲಿ. ಕಾಂಡವನ್ನು ತಂತಿಗೆ ನೇರವಾಗಿ ಕಟ್ಟಿ, ಆಮೇಲೆ ನೋಡಿ. ಕಟ್ಟುವ ಮೊದಲು ನೋಡಿದರೆ ಪ್ರಯೋಜನ ಇಲ್ಲ, ಬಳ್ಳಿ ತಿರುಚಿಕೊಂಡಿರುತ್ತದೆ. ತಂತಿಯ ಮಟ್ಟದಲ್ಲಿ ಎಡಬಲಕ್ಕೆ ನೋಡುವ ಕಣ್ಣಿನ ಜೋಡಿ ಹುಡುಕಿ. ಅದರ ಮೇಲಿನ ಗೆಣ್ಣು ಹಿಂದುಮುಂದಕ್ಕೆ ಇರುತ್ತದೆ. ಆ ಮೇಲಿನ ಗೆಣ್ಣಿನ ಮೇಲೆ ಅರ್ಧ ಅಂಗುಲ ಬಿಟ್ಟು ಕತ್ತರಿಸಿ. ಗೋಡೆ ಕಡೆ ನೋಡುವ ಕಣ್ಣನ್ನು ಉಗುರಿನಲ್ಲಿ ಕಿತ್ತು ಹಾಕಿ. ನಮ್ಮ ಕಡೆ ನೋಡುವ ಕಣ್ಣು ಮೇಲಕ್ಕೆ ಹೋಗುವ ಕಾಂಡವಾಗುತ್ತದೆ. ಕೆಳಗಿನ ಜೋಡಿ ತಂತಿಯ ಉದ್ದಕ್ಕೂ ಎಡಬಲಕ್ಕೆ ಹೋಗುವ ಎರಡು ತೋಳು. ಒಂದೇ ಕತ್ತರಿಗೆ ಮೂರೂ ಸಿಕ್ಕಿತು. ಇದನ್ನು ಯಾರೂ ನನಗೆ ಹೇಳಿಕೊಟ್ಟಿದ್ದಲ್ಲ, ಗಿಡದ ಮುಂದೆ ಕೂತು ನೋಡಿ ನಾನೇ ಕಂಡುಕೊಂಡಿದ್ದು. ಪ್ರತಿ ತಂತಿಗೂ ಹೀಗೇ ಮಾಡುತ್ತಾ ಹೋದೆ. ವರ್ಷಕ್ಕೆ ಒಂದು ತಂತಿ, ಚೆನ್ನಾಗಿ ಬೆಳೆದ ವರ್ಷ ಎರಡು.

ತೋಳನ್ನು ಮೊದಲ ದಿನವೇ ಮಲಗಿಸಬಾರದು. ಮಲಗಿಸಿದರೆ ತುದಿ ನಿಂತು ಹೋಗುತ್ತದೆ, ಬೆನ್ನ ಮೇಲಿನ ಕಣ್ಣುಗಳೆಲ್ಲ ಎದ್ದು ನಿಲ್ಲುತ್ತವೆ, ತೋಳು ಎರಡಡಿಗೇ ಮುಗಿಯುತ್ತದೆ. ಮೊದಲು ಓರೆಯಾಗಿ, ಬಿದಿರ ಕಡ್ಡಿಗೆ ಕಟ್ಟಿ ಓಡಲು ಬಿಡಿ. ಐದಾರು ಅಡಿ ಆದ ಮೇಲೆ ಸ್ವಲ್ಪ ಇಳಿಸಿ. ಮಳೆಗಾಲ ಮುಗಿಯುವ ಮುಂಚೆ ತಂತಿಗೆ ಸಮ ಮಾಡಿ. ತುದಿಯ ಒಂದು ಗೇಣು ಮಾತ್ರ ಯಾವಾಗಲೂ ಮೇಲಕ್ಕೆ ಮುಖ ಮಾಡಿರಲಿ. ಪೆನ್ಸಿಲ್ ದಪ್ಪ ದಾಟಿದ ತೋಳನ್ನು ಮುರಿಯದೆ ಬಗ್ಗಿಸಲು ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಗೆ ಬಂದವರಿಗೆ ಗಿಡದ ಮುಂದೆಯೇ ತೋರಿಸುತ್ತೇನೆ, ಓದಿ ಮಾಡಿದರೆ ಕಡ್ಡಿ ಮುರಿಯುವುದು ಖಂಡಿತ.

ಇನ್ನೊಂದು ಎಚ್ಚರಿಕೆ. ಬಳ್ಳಿ ತಂತಿಗೆ ಸುತ್ತಿಕೊಳ್ಳಲು ಬಿಡಬೇಡಿ. ಸುತ್ತಿಕೊಂಡರೆ ನೋಡಕ್ಕೆ ಚೆಂದ, ಆದರೆ ಕಾಂಡ ದಪ್ಪ ಆದಾಗ ತಂತಿ ಒಳಗೆ ಕಚ್ಚುತ್ತದೆ. ಆಮೇಲೆ ತಂತಿ ಬಿಚ್ಚಲೂ ಆಗಲ್ಲ, ಬಳ್ಳಿ ಬಿಡಿಸಲೂ ಆಗಲ್ಲ. ತೋಳು ತಂತಿಯ ಮುಂದೆ ಇರಲಿ, ಹಳೇ ಹತ್ತಿ ಸೀರೆ ಪಟ್ಟಿಯಲ್ಲಿ ಎಂಟಂಕಿ ಗಂಟು ಹಾಕಿ. ವರ್ಷಕ್ಕೊಮ್ಮೆ ಬಿಚ್ಚಿ ಹೊಸದಾಗಿ ಕಟ್ಟಿ. ಪ್ಲಾಸ್ಟಿಕ್ ಟೈ ಬೇಡವೇ ಬೇಡ.

ಕತ್ತರಿ ಯಾವಾಗ ಹಾಕಬೇಕು ಅನ್ನುವುದರಲ್ಲೇ ಎಲ್ಲ ಇರುವುದು. ವಿಸ್ಟೀರಿಯಾಗೆ ಹಾಕುವಂತೆ ಜನವರಿಯಲ್ಲಿ ಪೆಟ್ರಿಯಾಗೆ ಕತ್ತರಿ ಹಾಕಿದರೆ ಆ ವರ್ಷದ ಹೂವನ್ನೇ ಕತ್ತರಿಸಿದ ಹಾಗೆ. ಕತ್ತರಿಸಿದರೆ ಹೂ ಬರಲ್ಲ ಅನ್ನುವ ಮಾತು ಹುಟ್ಟಿದ್ದು ಹೀಗೇ ಇರಬೇಕು ಅಂತ ನನ್ನ ಅಂದಾಜು. ಹಾಗಾಗಿ ಕ್ಯಾಲೆಂಡರನ್ನು ತಿರುಗಿಸಿದೆ. ದೊಡ್ಡ ಕತ್ತರಿ ಹೂ ಮುಗಿದ ತಕ್ಷಣ, ಯುಗಾದಿ ಆಸುಪಾಸಿನಲ್ಲಿ. ತೆಳು ನೇರಳೆ ಹೊರದಳ ಬೂದು ಬಣ್ಣಕ್ಕೆ ತಿರುಗಿದಾಗ ಶುರು ಮಾಡುತ್ತೇನೆ. ಒಳಗಿನ ಗಾಢ ನೇರಳೆ ಹೂ ನಾಲ್ಕೈದು ದಿನಕ್ಕೇ ಉದುರಿರುತ್ತದೆ, ಹೊರದಳ ವಾರಗಟ್ಟಲೆ ನಿಲ್ಲುತ್ತದೆ. ಅದು ಪೂರ್ತಿ ಉದುರಲಿ ಎಂದು ಕಾಯುತ್ತಾ ಕೂತರೆ ಬೇಸಿಗೆ ಚಿಗುರಿನ ಒಂದು ತಿಂಗಳು ಕೈ ತಪ್ಪುತ್ತದೆ. ತೋಳಿನ ಮೇಲೆ ಎದ್ದ ಪ್ರತಿ ಕಡ್ಡಿಯನ್ನೂ ಎರಡು ಗೆಣ್ಣಿಗೆ ಮೋಟು ಮಾಡುತ್ತೇನೆ. ಮೋಟಿನಿಂದ ಮೋಟಿಗೆ ಆರೇಳು ಅಂಗುಲ. ನಡುವೆ ಇರುವುದು, ಗೋಡೆ ಕಡೆ ಹೋಗುವುದು, ಬುಡದಿಂದ ಬರುವುದು ಎಲ್ಲ ಕಿತ್ತು ಹಾಕುತ್ತೇನೆ. ದಪ್ಪ ಗಾಯಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಬಳಿಯುತ್ತೇನೆ. ಎರಡೂ ಗಿಡ ಸೇರಿ 250ರಿಂದ 300 ಮೋಟು ಇರಬಹುದು. ಪೂರ್ತಿ ಒಂದು ದಿನದ ಕೆಲಸ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಈ ಎಲೆ ಉಪ್ಪುಕಾಗದದಷ್ಟು ಒರಟು, ಮೊಣಕೈ ತನಕ ಗೀರುತ್ತದೆ.

ಮುಗಿದ ಮೇಲೆ ಗೋಡೆ ನೋಡಿದವರಿಗೆ ಹೊಟ್ಟೆ ಉರಿಯುತ್ತದೆ. ಬರೀ ಕಡ್ಡಿ, ಬರೀ ತಂತಿ. ಮೊದಲ ಸಲ ಹೀಗೆ ಮಾಡಿದಾಗ ಗಿಡ ಕೊಂದುಬಿಟ್ಟಿರಿ ಅಂತ ಬೀದಿಯವರು ಬಂದು ಹೇಳಿ ಹೋದರು. ಒಂದು ತಿಂಗಳಲ್ಲಿ ಪ್ರತಿ ಮೋಟಿಗೂ ಎರಡು ಮೂರು ಚಿಗುರು. ಅದರಲ್ಲಿ ಒಂದನ್ನು ಉಳಿಸಿ ಉಳಿದದ್ದು ಉಜ್ಜಿ ಹಾಕಿದೆ.

ಎರಡನೇ ಕತ್ತರಿ ಅಂದರೆ ಮಳೆಗಾಲದ ಚಿವುಟು. ಚಿಗುರು ಆರೇಳು ಜೋಡಿ ಎಲೆ ಬಿಟ್ಟ ಮೇಲೆ ತುದಿ ಚಿವುಟಿದರೆ ಸಾಕು. ಜುಲೈಯಲ್ಲಿ ಒಂದು ಸುತ್ತು, ಆಗಸ್ಟ್ ಕೊನೆಗೆ ಉಳಿದದ್ದು. ಕಡ್ಡಿ ಅಲ್ಲೇ ನಿಂತು ದಪ್ಪ ಆಗುತ್ತದೆ, ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕತ್ತರಿ ಕೆಲಸ ಇಲ್ಲ. ಆಯುಧಪೂಜೆ ದಿನ ಕತ್ತರಿ ತೊಳೆದು, ಎಣ್ಣೆ ಹಚ್ಚಿ, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿ ಒಳಗಿಟ್ಟರೆ ಹೂ ಮುಗಿಯುವ ತನಕ ಆಚೆ ತೆಗೆಯುವುದಿಲ್ಲ. ಅಡ್ಡಾದಿಡ್ಡಿ ಚಿಗುರು ಕಂಡರೂ ಮುಟ್ಟುವುದಿಲ್ಲ. ಮನೆಯವರಿಗೂ ಇದೇ ಕಟ್ಟಪ್ಪಣೆ.

ನೀರಿನದು ಇನ್ನೂ ಕಟ್ಟುನಿಟ್ಟು. ದೀಪಾವಳಿ ಕಳೆದ ಮೇಲೆ ನೀರು ಬಂದ್. ಎಲೆ ಸ್ವಲ್ಪ ಜೋತರೂ ಪರವಾಗಿಲ್ಲ, ಕೆಳಗಿನ ಎಲೆ ಒಂದಷ್ಟು ಉದುರಿದರೂ ಪರವಾಗಿಲ್ಲ. ಸಂಕ್ರಾಂತಿ ಮುಗಿದ ಮೇಲೆ ಗಿಡಕ್ಕೆ ಐದಾರು ಬಿಂದಿಗೆ ಒಂದೇ ಸಲ. ಆಮೇಲೆ ವಾರಕ್ಕೊಮ್ಮೆ. ನೀರು ಬಿದ್ದ ಎರಡು ಮೂರು ವಾರಕ್ಕೆ ಬಲಿತ ಕಡ್ಡಿಯ ತುದಿಯಲ್ಲಿ, ಎಲೆ ಕಂಕುಳಲ್ಲಿ ಸಣ್ಣ ಸಣ್ಣ ಬೂದು ತೆನೆ ಕಾಣಿಸುತ್ತದೆ. ಶಿವರಾತ್ರಿ ಹೊತ್ತಿಗೆ ಒಂದೊಂದು ತೆನೆ ಎಂಟು ಹತ್ತು ಅಂಗುಲ ಜೋಲುತ್ತದೆ.

ಇದು ಕೂಡಲೇ ಫಲ ಕೊಟ್ಟಿತು ಅಂತಲ್ಲ. 2021ರ ನವೆಂಬರ್ ನೆನಪಿದೆಯಾ? ಕೋಲಾರ, ಚಿಕ್ಕಬಳ್ಳಾಪುರ ಎರಡೂ ಕಡೆ ಕೆರೆ ಕೋಡಿ ಬಿದ್ದ ವರ್ಷ. ರಾಗಿ ಹೊಲದಲ್ಲೇ ಮೊಳಕೆ ಒಡೆಯಿತು. ನಾನು ನೀರು ನಿಲ್ಲಿಸಿ ಏನು ಪ್ರಯೋಜನ, ಆಕಾಶವೇ ಸುರಿಯುತ್ತಿತ್ತು. ಬಳ್ಳಿ ಡಿಸೆಂಬರ್‌ನಲ್ಲಿ ಹೊಸ ಚಿಗುರು ಬಿಟ್ಟಿತು. 2022ರಲ್ಲಿ ಹೂ ಬಂದದ್ದು ಮಾರ್ಚ್ ಕೊನೆಗೆ, ಅದೂ ಅಲ್ಲೊಂದು ಇಲ್ಲೊಂದು. ಬೇಡ ಅಂದಿದ್ದೆವಲ್ಲ ಎಂದು ಎಲ್ಲರೂ ಮತ್ತೆ ಶುರು ಮಾಡಿದರು. 2022ರ ಮಳೆಯೂ ಜೋರೇ. ಆದರೆ ದೀಪಾವಳಿ ಮೇಲೆ ಒಣಗಿತು, 2023ರಲ್ಲಿ ಅರ್ಧ ಗೋಡೆ ಹೂ ಬಂತು. ಹೂ ಬಂದ ಕಡ್ಡಿಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಎಲ್ಲವೂ ಆಗಸ್ಟ್ ಒಳಗೆ ಚಿವುಟಿಸಿಕೊಂಡ, ಕಂದು ಬಣ್ಣಕ್ಕೆ ತಿರುಗಿದ ಕಡ್ಡಿಗಳೇ. ತಡವಾಗಿ ಹುಟ್ಟಿದ ಹಸಿರು ಕಡ್ಡಿಯಲ್ಲಿ ಒಂದು ತೆನೆಯೂ ಇರಲಿಲ್ಲ. ಅಲ್ಲಿಗೆ ನನಗೆ ಬೇಕಾದ ಉತ್ತರ ಸಿಕ್ಕಿತ್ತು.

2023ರಲ್ಲಿ ರಾಜ್ಯಕ್ಕೇ ಬರ. ಹಾಗಾಗಿ 2024ರ ಫೆಬ್ರವರಿಯಲ್ಲಿ ಗೋಡೆ ಕಾಣದಷ್ಟು ಹೂ ಬಂದಾಗ ಇದು ನಿಮ್ಮ ಕತ್ತರಿಯಿಂದಲ್ಲ, ಬರದಿಂದ ಅಂದವರಿದ್ದರು. ಬರ ಸಹಾಯ ಮಾಡಿದ್ದು ನಿಜ. ಆದರೆ ನಮ್ಮ ಗೋಡೆಯ ಕೊನೆಯಲ್ಲಿ, ಗೇಟಿನ ಹತ್ತಿರ ಇರುವ ಇನ್ನೊಂದು ಪೆಟ್ರಿಯಾವನ್ನು ಹೋಲಿಸಿ ನೋಡಲೆಂದೇ ಕತ್ತರಿ ಹಾಕದೆ ಬಿಟ್ಟಿದ್ದೆ. ಅದೇ ಮಣ್ಣು, ಅದೇ ಬರ. ಅದರಲ್ಲಿ ನೆತ್ತಿಯ ಮೇಲೆ ಮಾತ್ರ ಹೂ, ಕೆಳಗೆಲ್ಲ ಬೋಳು ಕಾಂಡ. ಕತ್ತರಿ ಬಿದ್ದ ಗೋಡೆಯಲ್ಲಿ ಮೊಣಕಾಲು ಮಟ್ಟದ ತಂತಿಯಿಂದಲೇ ಹೂ. 2025ರಲ್ಲೂ ಅದೇ ಆಯಿತು. ಮಲಗಿಸಿದ ತೋಳಿಗೆ ಕೆಳಗಿನಿಂದ ಮೇಲಿನ ತನಕ ಸಮನಾಗಿ ಹೂ ಬರುತ್ತದೆ, ನಿಲ್ಲಿಸಿದ ಬಳ್ಳಿಗೆ ತುದಿಯಲ್ಲಿ ಮಾತ್ರ. ಈಗ ನಮ್ಮ ಬೀದಿಯಲ್ಲಿ ಇನ್ನೂ ಮೂರು ನಾಲ್ಕು ಮನೆಯವರು ಕಲ್ಲು ಕಂಬ ನಿಲ್ಲಿಸಿದ್ದಾರೆ. ಬೇಡ ಅಂದಿದ್ದ ನರ್ಸರಿಯವರೊಬ್ಬರು ಗ್ರಾಹಕರನ್ನು ನಮ್ಮ ಗೋಡೆ ನೋಡಲು ಕಳಿಸುತ್ತಾರೆ.

ಗೊಬ್ಬರದ ವಿಷಯದಲ್ಲಿ ಒಂದು ಪ್ರಯೋಗ ಹೇಳಲೇಬೇಕು. ಶಿಡ್ಲಘಟ್ಟ ಹತ್ತಿರ, ರೇಷ್ಮೆ ಹುಳದ ಹಿಕ್ಕೆ ಅಗ್ಗಕ್ಕೆ ಸಿಗುತ್ತದೆ. ಗುಲಾಬಿ, ಸೇವಂತಿಗೆಗೆ ಹಾಕಿದರೆ ಏನು ಬರುತ್ತೆ ಅಂತ ನೀವು ನೋಡಿದ್ದೀರಿ. ಒಂದು ವರ್ಷ ಎಡಗಡೆ ಗಿಡಕ್ಕೆ ಎರಡು ಚೀಲ ಹಾಕಿದೆ, ಬಲಗಡೆಯದಕ್ಕೆ ಇಲ್ಲ. ಎಡಗಡೆ ಗಿಡ ತಿಂಗಳಿಗೆ ನಾಲ್ಕೈದು ಅಡಿ ಓಡಿತು, ಎಲೆ ಅಂಗೈಗಿಂತ ದೊಡ್ಡದು, ಚಿವುಟಿ ಚಿವುಟಿ ಸಾಕಾಯಿತು. ಹೂ ಬಲಗಡೆಯ ಕಾಲುಭಾಗವೂ ಇಲ್ಲ. ತೋಳು ಬೆಳೆಸುವ ಮೊದಲ ಎರಡು ವರ್ಷಕ್ಕೆ ಇದು ಬಂಗಾರದಂಥ ಗೊಬ್ಬರ, ಬೇಗ ತಂತಿ ತುಂಬುತ್ತದೆ. ಹೂವಿಗೆ ಬಂದ ಗಿಡಕ್ಕೆ ಬೇಡ. ಈಗ ದೊಡ್ಡ ಕತ್ತರಿ ಆದ ಮೇಲೆ ಎರಡು ಬಾಂಡ್ಲಿ ಹಳೇ ಕೊಟ್ಟಿಗೆ ಗೊಬ್ಬರ, ಒಂದೆರಡು ಬೊಗಸೆ ಬೇವಿನ ಹಿಂಡಿ. ಗಣೇಶನ ಹಬ್ಬದ ನಂತರ ಪೊಟ್ಯಾಷ್ ಮತ್ತು ಇನ್ನೊಂದು ವಸ್ತು ಸೇರಿಸಿ ಕೊಡುತ್ತೇನೆ. ಅದರ ಹೆಸರು, ಅಳತೆ ನನ್ನ ಹತ್ತಿರವೇ ಇರಲಿ.

ದ್ರಾಕ್ಷಿಯವರು ಕಾಂಡದ ತೊಗಟೆಯನ್ನು ಉಂಗುರದ ಹಾಗೆ ತೆಗೆಯುತ್ತಾರಲ್ಲ, ಅದನ್ನೂ ಒಂದು ತೋಳಿಗೆ ಮಾಡಿ ನೋಡಿದೆ. ಡಿಸೆಂಬರ್‌ನಲ್ಲಿ, ಕಾಲು ಅಂಗುಲ ಅಗಲ. ಆ ತೋಳು ಬೇರೆಯದಕ್ಕಿಂತ ಒಂದು ವಾರ ಮುಂಚೆ ಹೂ ಬಿಟ್ಟಿತು, ತೆನೆಯೂ ಉದ್ದ. ಆದರೆ ಗಾಯ ಮುಚ್ಚಲಿಲ್ಲ, ಕೊರಕ ಹುಳ ಸೇರಿತು, ಮಳೆಗಾಲದಲ್ಲಿ ತೋಳು ಒಣಗಿತು. ಹತ್ತಡಿ ತೋಳು ಮತ್ತೆ ಬೆಳೆಯಲು ಎರಡು ವರ್ಷ ಬೇಕು. ಒಂದು ವಾರ ಮುಂಚೆ ಬರುವ ಹೂವಿಗೆ ಈ ಬೆಲೆ ಜಾಸ್ತಿ.

ಹಿಟ್ಟು ತಿಗಣೆ ಬೇಸಿಗೆಯಲ್ಲಿ ಬರುತ್ತದೆ, ಮೋಟಿನ ಸಂದಿಯಲ್ಲಿ ಕೂರುತ್ತದೆ. ಇರುವೆ ಹತ್ತುವುದು ಕಂಡರೆ ತಡ ಮಾಡಬೇಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಬೇವಿನ ಸಾಬೂನು ಕರಗಿಸಿ ಜೋರಾಗಿ ಸಿಂಪಡಿಸಿದರೆ ಹೋಗುತ್ತದೆ. ಬೇರೆ ಕಾಟ ಅಂದರೆ ಬೇರಿನಿಂದ ಎದ್ದು ಬರುವ ಮರಿ ಗಿಡ. ಮೂರು ನಾಲ್ಕು ಅಡಿ ದೂರದಲ್ಲೂ ಏಳುತ್ತವೆ. ಮಣ್ಣು ಬಗೆದು ಬೇರಿನಿಂದಲೇ ಕೀಳಬೇಕು, ಮೇಲೆ ಕತ್ತರಿಸಿದರೆ ಒಂದು ಇದ್ದದ್ದು ಮೂರಾಗುತ್ತದೆ. ಕಿತ್ತದ್ದನ್ನು ನಾನು ಕವರಿಗೆ ಹಾಕಿ ಕೇಳಿದವರಿಗೆ ಕೊಡುತ್ತೇನೆ, ಅರ್ಧಕ್ಕರ್ಧ ಬದುಕುತ್ತವೆ.

ಬಿಳಿ ಪೆಟ್ರಿಯಾವನ್ನೂ ಪಕ್ಕದ ಚಿಕ್ಕ ಗೋಡೆಗೆ ಹಾಕಿದ್ದೇನೆ. ಸಸಿಗೆ 900 ಕೊಟ್ಟೆ. ನೇರಳೆಯದಕ್ಕಿಂತ ತುಂಬಾ ನಿಧಾನ, ಎರಡು ವರ್ಷಕ್ಕೆ ಮೊದಲ ತಂತಿಯ ತೋಳೇ ತುಂಬಿಲ್ಲ. ಇದಕ್ಕೆ ರೇಷ್ಮೆ ಹಿಕ್ಕೆ ಈಗ ಕೊಡುತ್ತಿದ್ದೇನೆ. ಎರಡು ಗೆಣ್ಣಿಗೆ ಮೋಟು ಮಾಡುವುದು ಇದಕ್ಕೆ ಜಾಸ್ತಿಯಾಗಬಹುದು, ಮೂರು ಗೆಣ್ಣು ಬಿಟ್ಟು ನೋಡುವ ಯೋಚನೆ ಇದೆ.

ಒಟ್ಟು ಖರ್ಚು ಕೇಳುವವರು ಜಾಸ್ತಿ. ಕಂಬ, ಸಾಗಾಣಿಕೆ, ತಂತಿ, ಟರ್ನ್‌ಬಕಲ್, ಎರಡು ಸಸಿ, ಗೊಬ್ಬರ ಎಲ್ಲ ಸೇರಿ 7,000 ದಾಟಿಲ್ಲ. ಹಾಳಾದ ಬಿದಿರು, ವಿಸ್ಟೀರಿಯಾ ಲೆಕ್ಕ ಬೇರೆ. ಕತ್ತರಿಗೆ ಮಾತ್ರ ಜಿಪುಣತನ ಮಾಡಬೇಡಿ. 200 ರೂಪಾಯಿ ಕತ್ತರಿ ಕಡ್ಡಿಯನ್ನು ಜಜ್ಜುತ್ತದೆ, ಜಜ್ಜಿದ ಮೋಟು ಕೆಳಗಿನ ಗೆಣ್ಣಿನ ತನಕ ಒಣಗುತ್ತದೆ. ನನ್ನದಕ್ಕೆ 1,400 ಆಗಿತ್ತು, ದ್ರಾಕ್ಷಿ ಮೇಸ್ತ್ರಿಯೇ ಆರಿಸಿ ಕೊಟ್ಟಿದ್ದು. ಇಷ್ಟು ವರ್ಷದಲ್ಲಿ ಒಂದೇ ಸಲ ಸ್ಪ್ರಿಂಗ್ ಬದಲಾಯಿಸಿದ್ದೇನೆ.

ಗೋಡೆಗೆ ಬಣ್ಣ ಹೊಡೆಯುವುದು ಹೇಗೆ ಅಂತ ಇತ್ತೀಚೆಗೆ ಒಬ್ಬರು ಕೇಳಿದರು. ದೊಡ್ಡ ಕತ್ತರಿ ಆದ ಮರುದಿನ ಹೊಡೆಸಿ. ಆಗ ಎಲೆ ಇರುವುದಿಲ್ಲ, ಗೋಡೆಗೂ ತಂತಿಗೂ ನಡುವೆ ಗೇಣು ಜಾಗ ಇದೆ, ಉದ್ದ ಹಿಡಿಯ ರೋಲರ್ ಸಲೀಸಾಗಿ ಆಡುತ್ತದೆ. ಚಿಗುರು ಬರುವ ಮೊದಲು ಮುಗಿಸಬೇಕು, ಅಷ್ಟೇ. ಬಣ್ಣದವರು ತಂತಿ ಬಿಚ್ಚಲೇಬೇಕು ಅಂದರೆ ಟರ್ನ್‌ಬಕಲ್ ಸಡಿಲ ಮಾಡಿ ಕೊಡಿ, ಕಟ್ಟಿದ ಪಟ್ಟಿಗಳನ್ನು ಮಾತ್ರ ಅವರ ಕೈಗೆ ಬಿಡಬೇಡಿ.